ಕಾರ್ಡು ಇಳಿಸಿದ ಮೇಲೆ

"ಕ್ಯಾನ್ಸಲ್ ಯಾಕಮ್ಮ ಮಾಡಿಸ್ತೀರಾ? ಇಳಿಸಿಬಿಡಿ," ಎಂದಳು ಬ್ಯಾಂಕಿನ ಹುಡುಗಿ, ಕಂಪ್ಯೂಟರಿನಿಂದ ಕಣ್ಣು ತೆಗೆಯದೆ.

"ಇಳಿಸೋದು ಅಂದ್ರೆ?"

"ಈಗ ನಿಮ್ಹತ್ರ ಇರೋದು ಗೋಲ್ಡ್ ಕಾರ್ಡು. ವರ್ಷಕ್ಕೊಂದ್ಸಲ ಶುಲ್ಕ ಕಟ್ಲೇಬೇಕು. ಅದನ್ನೇ ಸಾದಾ ಕಾರ್ಡ್ ಮಾಡಿಬಿಟ್ರೆ ಶುಲ್ಕ ಇಲ್ಲ. ಖಾತೆ ಹಾಗೇ ಇರುತ್ತೆ, ನಂಬರ್ ಕೂಡ ಅದೇ ಇರುತ್ತೆ. ಹದಿನಾಲ್ಕು ವರ್ಷದ ಹಳೇ ಕಾರ್ಡು. ಸುಮ್ಸುಮ್ನೆ ಯಾಕೆ ಸಾಯಿಸ್ತೀರಾ?"

ಆ ಕೊನೆಯ ಮಾತಿಗೆ ಕನ್ನಡಕದಮ್ಮನ ಎದೆ ಧಸಕ್ಕೆಂದಿತು. ಈಚೆಗೆ ಅವಳಿಗೆ ಹೀಗೇ. ಯಾರೋ ಬಾಗಿಲು ಜೋರಾಗಿ ಹಾಕಿದರೆ, ಬೀದಿಯಲ್ಲಿ ಯಾರೋ ಓಡಿದರೆ, ಫೋನು ಒಂದು ಸಲ ಹೆಚ್ಚಿಗೆ ಗುಂಯ್ ಅಂದರೆ ಸಾಕು, ಮೊದಲು ಮೈ ನಡುಗಿ ಆಮೇಲೆ ವಿಷಯ ತಿಳಿಯುತ್ತಿತ್ತು.

ಬೀದಿಯಲ್ಲಿ ಎಲ್ಲರೂ ಅವಳನ್ನು ಕನ್ನಡಕದಮ್ಮ ಎಂದೇ ಕರೆಯುವುದು. ಗಂಡ ಬಿಟ್ಟುಹೋದ ಕನ್ನಡಕದ ಅಂಗಡಿಯನ್ನು ಇಪ್ಪತ್ತು ವರ್ಷದಿಂದ ಒಬ್ಬಳೇ ನಡೆಸುತ್ತಿದ್ದಾಳೆ. ವ್ಯಾಪಾರ ಚೆನ್ನಾಗಿದ್ದ ಕಾಲದಲ್ಲಿ ಟೈ ಕಟ್ಟಿಕೊಂಡವನೊಬ್ಬ ಬಂದು, ಬೆಣ್ಣೆಯಂಥ ಮಾತಾಡಿ, ಈ ಕಾರ್ಡು ತಗುಲಿಸಿ ಹೋಗಿದ್ದ. ವಿಮಾನ ನಿಲ್ದಾಣದಲ್ಲಿ ಮೆತ್ತನೆಯ ಕುರ್ಚಿಯ ಮೇಲೆ ಪುಕ್ಕಟೆಯಾಗಿ ಕೂರಬಹುದಂತೆ. ಕನ್ನಡಕದಮ್ಮ ವಿಮಾನ ನೋಡಿದ್ದು ಆಕಾಶದಲ್ಲಿ ಮಾತ್ರ, ಅದೂ ಕತ್ತೆತ್ತುವಷ್ಟು ಪುರುಸೊತ್ತಿದ್ದಾಗ. ಈಗ ದೊಡ್ಡ ರಸ್ತೆಯಲ್ಲಿ ಗಾಜಿನ ಶೋರೂಮು ಎದ್ದು ಗಿರಾಕಿಗಳೆಲ್ಲ ಅತ್ತ ಹೋದ ಮೇಲೆ, ಆ ಮೆತ್ತನೆಯ ಕುರ್ಚಿಯ ಬಾಡಿಗೆ ಕಟ್ಟಲು ಅವಳಿಂದ ಆಗುತ್ತಿರಲಿಲ್ಲ. ಕಟ್ಟದೆ ಹೋದರೆ ಕಾರ್ಡು ನಿಲ್ಲುತ್ತದೆ ಎಂದು ಬ್ಯಾಂಕಿನಿಂದ ಎರಡು ಕಾಗದ ಬಂದಿದ್ದವು.

ಕಾರ್ಡು ನಿಲ್ಲಕೂಡದು. ಅವಳಿಗೆ ಬೇಕಾದದ್ದು ಅಷ್ಟೇ. ಅದಕ್ಕೆ ಕಾರಣ ಈ ಹುಡುಗಿಗೆ ಹೇಳುವಂಥದ್ದಲ್ಲ.

ಮಗಳ ಮದುವೆಯಾದಾಗ, ಯಾರ ಮುಂದೆಯೂ ಕೈ ಚಾಚುವ ಹಾಗಾಗದಿರಲಿ ಎಂದು, ಇದೇ ಕಾರ್ಡಿಗೆ ಜೋಡಿಯಾಗಿ ಇನ್ನೊಂದು ಕಾರ್ಡನ್ನು ಮಗಳ ಹೆಸರಿನಲ್ಲಿ ಮಾಡಿಸಿ ಕೊಟ್ಟಿದ್ದಳು. "ನಿನ್ನ ಗಂಡಂಗೆ ಹೇಳ್ಬೇಡ, ಹೆಣ್ಮಕ್ಕಳ ಹತ್ರ ಒಂದು ಗುಟ್ಟಿನ ಗಂಟು ಇರ್ಬೇಕು," ಎಂದು ನಗುತ್ತಾ ಹೇಳಿದ್ದಳು. ಅದು ನಗೆಮಾತಾಗಿ ಉಳಿಯಲಿಲ್ಲ. ಅಳಿಯ ಹೈಸ್ಕೂಲಿನಲ್ಲಿ ಲೆಕ್ಕದ ಮೇಷ್ಟ್ರು. ಊರಿಗೆಲ್ಲ ಬೇಕಾದವನು, ಎಂದೂ ದನಿ ಏರಿಸಿದವನಲ್ಲ. ಐದು ತಿಂಗಳ ಹಿಂದೆ ಒಂದು ಬೆಳಿಗ್ಗೆ ಮಗಳು ಅಂಗಡಿಯ ಹಿಂಬಾಗಿಲಿಂದ ಬಂದು, ಲೆನ್ಸ್ ಉಜ್ಜುವ ಕೋಣೆಯಲ್ಲಿ ಕುಕ್ಕರಿಸಿ, ಎಡಗೈಯ ಎರಡು ಬೆರಳು ತೋರಿಸಿದಳು. ಬದನೆಕಾಯಿ ಬಣ್ಣಕ್ಕೆ ತಿರುಗಿದ್ದವು.

"ಟೀ ಆರಿತ್ತಮ್ಮ. ಅಷ್ಟಕ್ಕೇ. ಪರೀಕ್ಷೆ ಪೇಪರ್ ತಿದ್ತಾ ಇದ್ರು. ಪೆನ್ ಕೆಳಗಿಟ್ಟು, ಬೆರಳು ಹಿಡ್ಕೊಂಡು ಹಿಂದಕ್ಕೆ ಬಗ್ಗಿಸ್ತಾ, 'ಈಗ ಎಷ್ಟು ಡಿಗ್ರಿ? ಈಗ ಎಷ್ಟು?' ಅಂತ ಕೇಳ್ತಾನೇ ಇದ್ರು. ತಪ್ಪು ಹೇಳಿದ್ರೆ ಇನ್ನೊಂಚೂರು. ಇದೇ ಮೊದಲಲ್ಲ."

ಕನ್ನಡಕದಮ್ಮ ಅವತ್ತು ಅಳಲಿಲ್ಲ. ಗಲ್ಲಾಪೆಟ್ಟಿಗೆಯಲ್ಲಿ ಇದ್ದಷ್ಟನ್ನು ಮಗಳ ಚೀಲಕ್ಕೆ ಹಾಕಿ, "ಆ ಕಾರ್ಡು ಇದೆಯಲ್ಲ?" ಎಂದಳು. ಇತ್ತು. "ಎಲ್ಲಿಗೆ ಹೋಗ್ತೀ ಅಂತ ನಂಗೆ ಹೇಳ್ಬೇಡ. ನನ್ನ ಹೊಟ್ಟೇಲಿ ಮಾತು ನಿಲ್ಲಲ್ಲ, ನಿಂಗೊತ್ತು. ಅವರು ಎರಡು ಸಲ ಕೇಳಿದ್ರೆ ಮೂರನೇ ಸಲಕ್ಕೆ ಹೇಳಿಬಿಡ್ತೀನಿ. ಫೋನ್ ಇಲ್ಲೇ ಬಿಟ್ಟೋಗು. ಶನಿವಾರ ಶನಿವಾರ ಏನಾದ್ರೂ ತಗೋ. ಬ್ರೆಡ್ಡೋ ಸೋಪೋ, ಏನೋ ಒಂದು. ನಂಗೆ ಮೆಸೇಜ್ ಬರುತ್ತೆ. ಅಷ್ಟು ಸಾಕು."

ಅಂದಿನಿಂದ ಶನಿವಾರ ಬೆಳಿಗ್ಗೆ ಹನ್ನೊಂದೂವರೆ ಸುಮಾರಿಗೆ ಫೋನು ಒಮ್ಮೆ ಗುಂಯ್ ಅನ್ನುತ್ತಿತ್ತು. ಇಷ್ಟು ಮೊತ್ತ, ಇಂಥ ಅಂಗಡಿ. ಅಂಗಡಿಯ ಹೆಸರಿನ ಪಕ್ಕದಲ್ಲೇ ಊರಿನ ಹೆಸರು. ತನಗೆ ತಿಳಿಯಬಾರದೆಂದು ಮಗಳ ಬಾಯಿ ಕಟ್ಟಿದ್ದರೂ, ಅವಳಿರುವ ಊರು ಮೊದಲ ಶನಿವಾರವೇ ತಿಳಿದುಹೋಯಿತು. ಓದುತ್ತಿದ್ದಳು, ಬದುಕಿದ್ದಾಳೆ ಎಂದುಕೊಳ್ಳುತ್ತಿದ್ದಳು, ಕೂಡಲೇ ಅಳಿಸಿಹಾಕುತ್ತಿದ್ದಳು. ಒಂದು ಸಲ ತಡೆಯಲಾರದೆ ಆ ಊರಿನ ಬಸ್ಸು ಹಿಡಿಯೋಣವೆಂದು ಬಸ್ ನಿಲ್ದಾಣದವರೆಗೂ ಹೋಗಿದ್ದಳು. ಟಿಕೆಟ್ ಕಿಟಕಿಯ ಮುಂದೆ ನಿಂತಾಗ ಹಿಂದಿನಿಂದ ಮೆಲ್ಲಗೆ, "ಎಲ್ಲಿಗೆ ಹೊರಟ್ರಿ ಅತ್ತೆ?" ಎಂದು ಕೇಳಿಸಿತ್ತು. ಆಮೇಲೆ ಅವಳು ಆ ಕಡೆ ತಲೆ ಹಾಕಿ ಮಲಗಲೂ ಇಲ್ಲ.

ಹಾಗಿರುವಾಗ ಈ ಹುಡುಗಿ ಹೇಳಿದ ಉಪಾಯ ಹಾವೂ ಸಾಯಬೇಕು, ಕೋಲೂ ಮುರಿಯಬಾರದು ಎಂಬಂತಿತ್ತು. ಶುಲ್ಕವೂ ತಪ್ಪಿತು, ಕಾರ್ಡೂ ಉಳಿಯಿತು.

"ಜೋಡಿ ಕಾರ್ಡು?" ಎಂದು ಕೇಳಿದಳು. "ಮಗಳ ಹತ್ರ ಒಂದಿದೆ."

"ಅದೂ ಸಾದಾ ಆಗುತ್ತೆ. ಹೊಸದು ಚಾಲೂ ಮಾಡೋವರೆಗೂ ಹಳೇ ಕಾರ್ಡೇ ನಡೆಯುತ್ತೆ. ಏನೂ ತೊಂದ್ರೆ ಇಲ್ಲ." ಹುಡುಗಿ ಫಾರ್ಮು ಮುಂದಕ್ಕೆ ತಳ್ಳಿದಳು. "ವಿಳಾಸ, ಫೋನ್ ನಂಬರ್, ಏನಾದ್ರೂ ಬದಲಾಯಿಸೋದಿದ್ಯಾ ಅಮ್ಮ?"

ಬದಲಾವಣೆ ಎಂದರೇ ಕನ್ನಡಕದಮ್ಮನಿಗೆ ಭಯ. ಐದು ತಿಂಗಳಿಂದ ಅವಳು ಅಂಗಡಿಯ ಕ್ಯಾಲೆಂಡರಿನ ಜಾಗವನ್ನೂ ಬದಲಾಯಿಸಿರಲಿಲ್ಲ. ಏನನ್ನು ಅಲುಗಿಸಿದರೆ ಏನು ಬೀಳುವುದೋ.

"ಬೇಡಮ್ಮ, ಬೇಡ. ಎಲ್ಲಾ ಹಳೇದೇ ಇರ್ಲಿ," ಎಂದು ಸಹಿ ಹಾಕಿದಳು. ಹುಡುಗಿ ಚೀಟಿಯ ಮೇಲೆ ತನ್ನ ನಂಬರು ಬರೆದುಕೊಟ್ಟು, ಏನಾದರೂ ಇದ್ದರೆ ನೇರವಾಗಿ ತನಗೇ ಫೋನ್ ಮಾಡಿ ಎಂದಳು. ಒಳ್ಳೆಯ ಹುಡುಗಿ. ಅವಳದ್ದೇನೂ ತಪ್ಪಿಲ್ಲ.

ಹತ್ತು ದಿನದ ಮೇಲೆ, ಗುರುವಾರ, ಕೊರಿಯರಿನಲ್ಲಿ ಲಕೋಟೆ ಬಂತು. ಒಳಗೆ ಬೂದು ಬಣ್ಣದ ಸಾದಾ ಕಾರ್ಡು, ಒಂದೇ ಒಂದು. ಕನ್ನಡಕದಮ್ಮ ಲಕೋಟೆಯನ್ನು ಬೋರಲು ಮಾಡಿ ಕೊಡವಿದಳು. ಇನ್ನೊಂದು ಇರಲಿಲ್ಲ. ಜೊತೆಗಿದ್ದ ಕಾಗದವನ್ನು ಕೌಂಟರಿನ ದೀಪದ ಕೆಳಗೆ ಹಿಡಿದು ಓದಿದಳು. ಜೋಡಿ ಕಾರ್ಡನ್ನು ಆ ಕಾರ್ಡುದಾರರ ವಿಳಾಸಕ್ಕೆ ಪ್ರತ್ಯೇಕವಾಗಿ ಕಳಿಸಲಾಗಿದೆ ಎಂದಿತ್ತು. ಕಾರ್ಡನ್ನು ಚಾಲೂ ಮಾಡಿದ ಕೂಡಲೇ ಹಿಂದಿನ ಒಂದು ವರ್ಷದ ಖರೀದಿಗಳ ವಿವರವನ್ನು ಮೊಬೈಲಿನಲ್ಲೇ ನೋಡಬಹುದೆಂದೂ ಸಂತೋಷದಿಂದ ತಿಳಿಸಿದ್ದರು.

ಮಗಳ ವಿಳಾಸ. ಐದು ವರ್ಷದ ಹಿಂದೆ, ಮದುವೆಯಾದ ತಿಂಗಳು, ತಾನೇ ಹೆಮ್ಮೆಯಿಂದ ಬರೆಸಿದ್ದ ಅಳಿಯನ ಮನೆಯ ವಿಳಾಸ. ಎಲ್ಲಾ ಹಳೇದೇ ಇರಲಿ ಎಂದದ್ದು ಯಾರು?

ಅಲ್ಲೇ ಸ್ಟೂಲಿನ ಮೇಲೆ ಕೂತಳು. ಗಿರಾಕಿಯೊಬ್ಬರು ಬಂದು ಓದುವ ಕನ್ನಡಕ ಕೇಳಿದರೆ ಬಿಸಿಲಿನ ಕನ್ನಡಕ ತೆಗೆದುಕೊಟ್ಟಳು.

ಶುಕ್ರವಾರ ಬ್ಯಾಂಕು ತೆರೆಯುವ ಮೊದಲೇ ಮೆಟ್ಟಿಲ ಮೇಲೆ ನಿಂತಿದ್ದಳು. ಹುಡುಗಿ ಎಲ್ಲ ಕೇಳಿಸಿಕೊಂಡು ಕೀಲಿಗಳ ಮೇಲೆ ಬೆರಳಾಡಿಸಿ, ತುಟಿ ಕಚ್ಚಿದಳು.

"ಡೆಲಿವರಿ ಆಗಿಬಿಟ್ಟಿದೆ ಅಮ್ಮ. ನಿನ್ನೇನೇ."

"ಆ ಹೊಸದೊಂದನ್ನ ಮಾತ್ರ ನಿಲ್ಲಿಸಮ್ಮ. ಹಳೇದು ನಡೀಲಿ."

"ಅದೇ ಆಗಲ್ಲ. ಹಳೇದಕ್ಕೂ ಹೊಸದಕ್ಕೂ ನಂಬರ್ ಒಂದೇ ಅಲ್ವಾ? ಒಂದನ್ನ ನಿಲ್ಲಿಸಿದ್ರೆ ಎರಡೂ ನಿಲ್ಲುತ್ತೆ. ಆದ್ರೆ ನಿಮ್ಮ ಅಳಿಯ ಸುಮ್ನೆ ಚಾಲೂ ಮಾಡಕ್ಕಾಗಲ್ಲ. ಅವರು ಫೋನ್ ಮಾಡಿದ್ರೆ ಒಂದು ಕೋಡ್ ನಿಮ್ಮ ಮೊಬೈಲಿಗೆ ಬರುತ್ತೆ. ನೀವು ಹೇಳಿದ್ರೆ ಮಾತ್ರ." ಆಮೇಲೆ ಕನ್ನಡಕದಮ್ಮನ ಮುಖ ನೋಡಿ, ದನಿ ತಗ್ಗಿಸಿ, "ಹೇಳ್ಬೇಡಿ, ಅಷ್ಟೇ," ಎಂದಳು.

ಹೇಳಬೇಡಿ, ಅಷ್ಟೇ. ಬೆಣ್ಣೆಯಿಂದ ಕೂದಲು ತೆಗೆದಷ್ಟು ಸುಲಭ! ಕನ್ನಡಕದಮ್ಮನಿಗೆ ತನ್ನ ಯೋಗ್ಯತೆ ಗೊತ್ತಿತ್ತು. ಅಳಿಯ ಎದುರಿಗೆ ಕೂತು, ಸುಮ್ಮನೆ ನೋಡುತ್ತಾ, ಕೈ ಮುಂದೆ ಚಾಚಿದರೆ ಫೋನು ತಾನಾಗಿ ಅವನ ಕೈಗೆ ಹೋಗಿರುತ್ತದೆ. ಆದರೂ ಆ ದಿನವೇ ನಿಲ್ಲಿಸು ಎನ್ನಲು ಬಾಯಿ ಬರಲಿಲ್ಲ. ನಾಳೆ ಶನಿವಾರ. ಮಗಳು ಅಂಗಡಿಗೆ ಹೋಗುತ್ತಾಳೆ, ಅವಳ ಕೈಯಲ್ಲಿ ಬೇರೆ ಏನಿದೆಯೋ ಇಲ್ಲವೋ. ಈ ಶನಿವಾರ ಒಂದು ಕಳೆದುಬಿಡಲಿ ಎಂದುಕೊಂಡು ಎದ್ದು ಬಂದಳು.

ಶನಿವಾರ ಹನ್ನೊಂದೂ ಕಾಲಿಗೆ ಅಳಿಯ ಬಂದ. ಸ್ಕೂಲು ಅರ್ಧ ದಿನ. ಚಪ್ಪಲಿಯನ್ನು ಬಾಗಿಲ ಹೊರಗೆ ಜೋಡಿಸಿಟ್ಟು, ಗಾಜಿನ ಬಾಗಿಲನ್ನು ಸದ್ದಾಗದಂತೆ ಮುಚ್ಚಿ, ಗಿರಾಕಿಗಳ ಕುರ್ಚಿಯಲ್ಲಿ ಕೂತ.

"ಹೇಗಿದೀರಾ ಅತ್ತೆ? ಸೊರಗಿ ಹೋಗಿದೀರಲ್ಲ."

"ಇದೀನಪ್ಪ. ನೀವು ಊಟ ತಿಂಡಿ…"

"ಮಾಡ್ಕೋತೀನಿ. ಕಲ್ತಿದೀನಿ ಎಲ್ಲಾ." ನಕ್ಕ. ಅಂಗಿಯ ಜೇಬಿನಿಂದ ನೀಟಾಗಿ ಮಡಿಸಿದ ಲಕೋಟೆ ತೆಗೆದು ಕೌಂಟರಿನ ಗಾಜಿನ ಮೇಲಿಟ್ಟ. ಅಂಚನ್ನು ಕತ್ತರಿಯಿಂದ ನೇರವಾಗಿ ಕತ್ತರಿಸಿ ತೆರೆದಿದ್ದ. "ನಿಮ್ಮ ಮಗಳ ಹೆಸರಿಗೆ ಬಂತು. ಅವಳ ಹತ್ರ ಇಂಥದ್ದೊಂದು ಇತ್ತು ಅಂತ ನಂಗೆ ಗೊತ್ತೇ ಇರ್ಲಿಲ್ಲ, ನೋಡಿ. ಐದು ವರ್ಷ!"

ಕನ್ನಡಕದಮ್ಮನ ಫೋನು ಲಕೋಟೆಯಿಂದ ಒಂದು ಗೇಣು ದೂರದಲ್ಲಿ, ಗಾಜಿನ ಮೇಲೆ, ಮುಖ ಮೇಲಾಗಿ ಬಿದ್ದಿತ್ತು. ಗಡಿಯಾರ ನೋಡಬಾರದು ಎಂದುಕೊಂಡೇ ನೋಡಿದಳು. ಹನ್ನೊಂದು ಇಪ್ಪತ್ತು. ಇನ್ನು ಹತ್ತೇ ನಿಮಿಷ, ಹೆಚ್ಚೆಂದರೆ ಕಾಲು ಗಂಟೆ.

"ನಾನು ಕೋಪ ಮಾಡ್ಕೊಂಡಿಲ್ಲ," ಎಂದ ಅವನು. "ನಂಗೆ ಅವಳು ಕ್ಷೇಮವಾಗಿದ್ರೆ ಸಾಕು. ಒಬ್ಬಳೇ ಎಲ್ಲಿ ಕಷ್ಟಪಡ್ತಾ ಇದಾಳೋ. ಈ ಕಾಗದದಲ್ಲಿ ಬರ್ದಿದಾರೆ, ಇಲ್ಲಿರೋ ನಂಬರಿಗೆ ಫೋನ್ ಮಾಡಿದ್ರೆ ನಿಮ್ಮ ಮೊಬೈಲಿಗೆ ಕೋಡ್ ಬರುತ್ತಂತೆ. ಮಾಡ್ತೀನಿ. ನೀವು ನೋಡಿ ಹೇಳಿಬಿಡಿ. ಇಲ್ಲಾ, ಫೋನ್ ಇಲ್ಲಿ ಕೊಡಿ, ನಾನೇ ನೋಡ್ಕೋತೀನಿ."

ಕೈ ಚಾಚಿದ. ಅಂಗೈ ಮೇಲಾಗಿ, ಪರೀಕ್ಷೆಯಲ್ಲಿ ನಕಲು ಚೀಟಿ ಕೇಳುವ ಮೇಷ್ಟ್ರ ಹಾಗೆ.

ಆಗ ಕನ್ನಡಕದಮ್ಮ ಮಾಡಿದ್ದು ಯೋಚಿಸಿ ಮಾಡಿದ್ದಲ್ಲ. ಇಪ್ಪತ್ತು ವರ್ಷದಿಂದ ಆ ಕುರ್ಚಿಯಲ್ಲಿ ಕೂತವರ ಮೂಗಿನ ಮೇಲಿಂದ ಕನ್ನಡಕ ತೆಗೆಯುವುದು ಅವಳ ಕೈಗೆ ಅಂಟಿದ ರೂಢಿ. ಕೌಂಟರಿನ ಮೇಲೆ ಬಗ್ಗಿ, ಎರಡೂ ಕೈಯಿಂದ, ಅಳಿಯನ ಕನ್ನಡಕವನ್ನು ಮೆಲ್ಲಗೆ ಎತ್ತಿಕೊಂಡುಬಿಟ್ಟಳು.

"ಕಡ್ಡಿ ಎಷ್ಟು ಸಡಿಲ ಆಗಿದೆ ನೋಡಿ. ಜಾರಿ ಜಾರಿ ಮೂಗಿನ ತುದಿಗೆ ಬಂದಿದೆ. ಬಿಸಿ ಮಾಡಿ ಬಗ್ಗಿಸಿ ಕೊಡ್ತೀನಿ, ಎರಡೇ ನಿಮಿಷ."

"ಈಗ ಬೇಡ ಅತ್ತೆ."

"ಬಿದ್ದು ಒಡೆದ್ರೆ ಈ ಪವರಿನದು ಸಿಗೋಕೆ ಹದಿನೈದು ದಿನ ಬೇಕು. ಅಷ್ಟು ದಿನ ಮಕ್ಕಳ ಪೇಪರ್ ಹೇಗೆ ತಿದ್ತೀರಾ?"

ಅವನ ಪವರು ಅವಳಿಗೆ ಬಾಯಿಪಾಠ. ಮೈನಸ್ ಒಂಬತ್ತೂವರೆ, ಎರಡೂ ಕಣ್ಣಿಗೆ. ಕನ್ನಡಕವಿಲ್ಲದ ಆ ಕಣ್ಣುಗಳು ಚಿಕ್ಕವಾಗಿ, ಕೆಂಪಗೆ, ಅವಳ ಮುಖ ಎಲ್ಲಿದೆಯೆಂದು ಹುಡುಕುತ್ತಿದ್ದವು. ಕೌಂಟರಿನ ಮೇಲೆ ಅವನ ಕೈ ಮೆಲ್ಲಗೆ ಸರಿದಾಡಿ ಲಕೋಟೆಯನ್ನು ಮುಟ್ಟಿತು, ಆಮೇಲೆ ಅದರಾಚೆಗೆ ಸರಿಯಿತು. ಅಷ್ಟರಲ್ಲಿ ಫೋನು ಅಲ್ಲಿರಲಿಲ್ಲ.

ಪರದೆ ಸರಿಸಿ ಒಳಗೆ ಹೋದಳು. ಲೆನ್ಸ್ ಉಜ್ಜುವ ಯಂತ್ರವನ್ನು ಚಾಲೂ ಮಾಡಿದಳು. ಅದರ ಕರಕರ ಸದ್ದಿನಲ್ಲಿ ತನ್ನ ಮಾತು ತನಗೇ ಸರಿಯಾಗಿ ಕೇಳುತ್ತಿರಲಿಲ್ಲ. ಹುಡುಗಿಯ ನಂಬರು ಒತ್ತಿದಳು. ಮೂರು ಸಲ ರಿಂಗಾಯಿತು, ನಾಲ್ಕು ಸಲ. ಶನಿವಾರ ಬ್ಯಾಂಕಿದೆಯೋ ಇಲ್ಲವೋ ಎಂಬುದೇ ಆಗ ನೆನಪಾಯಿತು.

"ಹೇಳಿ ಅಮ್ಮ."

"ನಿಲ್ಸಿಬಿಡಮ್ಮ."

"ಏನು? ಏನೋ ಸದ್ದು ಬರ್ತಿದೆ."

"ಕಾರ್ಡು. ನಿಲ್ಸಿಬಿಡು. ಎಲ್ಲಾ. ಈಗಲೇ. ಅವರು ಇಲ್ಲೇ ಇದಾರೆ."

ಆ ಕಡೆ ಕೀಲಿಗಳ ಸದ್ದು. ಹುಡುಗಿ ಹುಟ್ಟಿದ ತಾರೀಕು ಕೇಳಿದಳು, ಇವಳು ಹೇಳಿದಳು. ಅಪ್ಪನ ಹೆಸರು ಕೇಳಿದಳು, ಅದನ್ನೂ ಹೇಳಿದಳು. "ಮಗಳ ಕಾರ್ಡೂ ತಕ್ಷಣ ನಿಲ್ಲುತ್ತೆ ಅಮ್ಮ. ಅವರಿಗೆ ತಿಳಿಸಿದೀರಾ?"

"ತಿಳಿಸೋಕೆ ದಾರಿ ಇದ್ದಿದ್ರೆ ನಿನ್ನೇನೇ ನಿಲ್ಲಿಸ್ತಿದ್ದೆ."

"ಅತ್ತೆ?" ಹೊರಗಿನಿಂದ ಅವನ ದನಿ. ಏರಿರಲಿಲ್ಲ. "ಯಾರ ಹತ್ರ ಮಾತಾಡ್ತಿದೀರಾ?"

"ಲೆನ್ಸ್ ಕಂಪನಿಯವರು!" ಎಂದು ಕೂಗಿದಳು ಕನ್ನಡಕದಮ್ಮ. ಹೊಟ್ಟೆಯಲ್ಲಿ ಮಾತು ನಿಲ್ಲದವಳು.

"ನಿಂತಿತು ಅಮ್ಮ," ಎಂದಳು ಹುಡುಗಿ. "ಇನ್ನು ಆ ಕಾರ್ಡಿಂದ ಯಾರೂ ಏನೂ ಚಾಲೂ ಮಾಡಕ್ಕಾಗಲ್ಲ, ಏನೂ ನೋಡಕ್ಕಾಗಲ್ಲ. ಧೈರ್ಯವಾಗಿರಿ."

ಫೋನು ಇಟ್ಟು ಯಂತ್ರ ಆರಿಸಿದಳು. ಕೆಲಸ ಕೆಲಸವೇ. ಕನ್ನಡಕದ ಕಡ್ಡಿಯನ್ನು ಬಿಸಿ ಮರಳಿನ ಡಬ್ಬಿಯೊಳಗೆ ಊರಿ, ಮೆತ್ತಗಾಗಲು ಕಾದಳು. ಮನಸ್ಸಿಗೆ ಒಂದು ಬಗೆಯ ಹಗುರ ಬಂದಿತ್ತು. ಅವನು ಇನ್ನು ಎಷ್ಟು ಫೋನ್ ಮಾಡಿದರೂ ಆ ಊರಿನ ಹೆಸರು ಅವನಿಗೆ ಸಿಗುವುದಿಲ್ಲ. ಸಿಟ್ಟು ಮಾಡಲಿ. ತನ್ನ ಬೆರಳಿಗೆ ಬಂದರೆ ಬರಲಿ, ವಯಸ್ಸಾದ ಬೆರಳು.

ಹನ್ನೊಂದು ಮೂವತ್ತೈದಕ್ಕೆ ಫೋನು ಗುಂಯ್ ಅಂದಿತು.

ಕಾರ್ಡು ಸ್ಥಗಿತವಾಗಿರುವುದರಿಂದ ನಿಮ್ಮ ಖರೀದಿ ತಿರಸ್ಕೃತವಾಗಿದೆ. ಮೊತ್ತ ನಾನೂರ ಹನ್ನೆರಡು. ಕೆಳಗೆ ಅಂಗಡಿಯ ಹೆಸರು, ಊರಿನ ಹೆಸರು.

ನಾನೂರ ಹನ್ನೆರಡು. ಪ್ರತಿ ವಾರದ್ದಕ್ಕಿಂತ ಹೆಚ್ಚು. ಏನೋ ಬೇಕಾಗಿತ್ತು ಅವಳಿಗೆ. ಔಷಧಿಯೋ, ಬೆಚ್ಚಗಿನದ್ದೊಂದು ಬಟ್ಟೆಯೋ. ಕನ್ನಡಕದಮ್ಮ ಉಸಿರು ಬಿಗಿಹಿಡಿದು, ಅಲ್ಲಿಂದ ಹೊರಟುಹೋಗು ತಾಯಿ, ಇನ್ನು ಆ ಕಾರ್ಡು ಚೀಲಕ್ಕೆ ಹಾಕಿಕೋ, ಎಂದು ಮನಸ್ಸಿನಲ್ಲೇ ಬೇಡಿಕೊಂಡಳು.

"ಕೋಡ್ ಬಂತಾ ಅತ್ತೆ? ನಾನಿನ್ನೂ ಫೋನೇ ಮಾಡಿಲ್ಲವಲ್ಲ. ನಂಬರ್ ಕಾಣಿಸ್ತಿಲ್ಲ."

"ಇಲ್ಲಪ್ಪ. ಜಾಹೀರಾತು."

ಮತ್ತೆ ಗುಂಯ್. ತಿರಸ್ಕೃತ. ನೂರ ತೊಂಬತ್ತು.

ಏನನ್ನೋ ತೆಗೆದು ಬದಿಗಿಟ್ಟಿದ್ದಾಳೆ. ಹಿಂದೆ ನಿಂತವರು ನೋಡುತ್ತಿದ್ದಾರೆ, ಅಂಗಡಿಯವನು ಕಾರ್ಡನ್ನು ತಿರುಗಿಸಿ ತಿರುಗಿಸಿ ನೋಡುತ್ತಿದ್ದಾನೆ, ಅವಳು ಕಿವಿಯೆಲ್ಲ ಕೆಂಪಾಗಿ, ಇದು ಬೇಡ, ಇದನ್ನೂ ತೆಗೆದುಬಿಡಿ ಎನ್ನುತ್ತಿದ್ದಾಳೆ. ಅಮ್ಮನ ಕಾರ್ಡು ಎಂದೂ ಕೈಕೊಟ್ಟದ್ದಿಲ್ಲ. ಅಮ್ಮನಿಗೆ ಏನೋ ಆಗಿದೆ ಎಂದು ಈಗ ಅವಳಿಗೆ ಅನ್ನಿಸಿರುತ್ತದೆ. ಕನ್ನಡಕದಮ್ಮ ಮೊದಲ ಮೆಸೇಜನ್ನು ಅಳಿಸಿದಳು. ಎರಡನೆಯದನ್ನೂ ಅಳಿಸಿದಳು. ಬೆರಳು ಬೆವರಿ ಪರದೆಯ ಮೇಲೆ ಜಾರುತ್ತಿತ್ತು.

"ಎಷ್ಟೊತ್ತು ಅತ್ತೆ? ನಂಗೆ ಇಲ್ಲೇನೂ ಕಾಣ್ತಿಲ್ಲ." ಕುರ್ಚಿ ಹಿಂದಕ್ಕೆ ಸರಿದ ಸದ್ದು. ಗಾಜಿನ ಕೌಂಟರನ್ನು ತಡವುತ್ತಾ, ಒಂದೊಂದೇ ಹೆಜ್ಜೆ ಇಟ್ಟು ಬರುತ್ತಿದ್ದ.

ಮೂರನೆಯದು ಬಂತು. ಮೂವತ್ತೆಂಟು.

ಮೂವತ್ತೆಂಟಕ್ಕೆ ಒಂದು ಬ್ರೆಡ್ಡು ಬರುತ್ತದೆ, ಚಿಕ್ಕದು.

"ಬಂದೆ," ಎಂದಳು ಕನ್ನಡಕದಮ್ಮ. ಅದನ್ನೂ ಅಳಿಸಿ, ಕನ್ನಡಕವನ್ನು ಮರಳಿನಿಂದ ತೆಗೆದು, ಮೆತ್ತಗಾದ ಕಡ್ಡಿಯನ್ನು ಹೆಬ್ಬೆರಳಿನಿಂದ ಒತ್ತಿ ಬಗ್ಗಿಸಿದಳು. ಬಿಸಿಯಾಗಿತ್ತು. ಪರದೆಯಾಚೆ ಅವನ ಕೈ ಬಟ್ಟೆಯ ಅಂಚನ್ನು ಹುಡುಕುತ್ತಿತ್ತು. ಅವಳು ಕತ್ತಲಾದ ಫೋನನ್ನೇ ನೋಡುತ್ತಾ, ನಾಲ್ಕನೆಯದು ಬರಬಹುದೇನೋ ಎಂದು ಕಾಯುತ್ತಾ ನಿಂತಿದ್ದಳು.